ರೀಲು ಯಾವುದು ಕೊಡ್ಲಿ ಸಾರ್? ಕೊಡಾಕ್ರೋಮ್ ಮತ್ತು ಬಣ್ಣ ಆರಿಸಿಕೊಂಡವರ ಕಥೆ

ಇವತ್ತಿನ ಸಂಚಿಕೆ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಫೋನ್‌ನಲ್ಲಿ ಕೊನೆಯದಾಗಿ ತೆಗೆದ ಫೋಟೊ ತೆರೀರಿ. ಎಡಿಟ್ ಒತ್ತಿ. ಕೆಳಗಡೆ ಫಿಲ್ಟರ್‌ಗಳ ಸಾಲು ಬರುತ್ತಲ್ಲ, ಅದರ ಮೇಲೆ ಬೆರಳು ಜಾರಿಸಿ. ಆಕಾಶ ಒಮ್ಮೆ ಕಡುನೀಲಿ, ಒಮ್ಮೆ ಮಾಸಲು. ಅಮ್ಮನ ಸೀರೆ ಒಮ್ಮೆ ಕುಂಕುಮ, ಒಮ್ಮೆ ಇಟ್ಟಿಗೆ. ಒಂದೂ ಇಷ್ಟ ಆಗ್ಲಿಲ್ಲ ಅಂದ್ರೆ ಮೊದಲಿದ್ದ ಹಾಗೇ ಬಿಟ್ಟುಬಿಡಬಹುದು. ಖರ್ಚಿಲ್ಲ, ಯೋಚನೆನೂ ಇಲ್ಲ.

ಮೂವತ್ತು ವರ್ಷದ ಹಿಂದೆ ಇದೇ ತೀರ್ಮಾನವನ್ನ ಫೋಟೊ ತೆಗೆಯೋಕೆ ಮುಂಚೆ, ಅಂಗಡಿಯ ಕೌಂಟರ್ ಮುಂದೆ ನಿಂತು ಮಾಡಬೇಕಿತ್ತು. ‘ರೀಲು ಯಾವುದು ಕೊಡ್ಲಿ ಸಾರ್?’ ಅಂತ ಅಂಗಡಿಯವರು ಕೇಳೋರು. ಅದಕ್ಕೆ ಕೊಡೋ ಉತ್ತರದಲ್ಲಿ ಬಣ್ಣ, ಬೆಳಕು, ದುಡ್ಡು ಎಲ್ಲಾ ಸೇರಿಕೊಂಡಿತ್ತು. ಒಮ್ಮೆ ಕ್ಯಾಮೆರಾಗೆ ಹಾಕಿದ್ರೆ ಮುಗೀತು, 36 ಫೋಟೊ ಆಗೋವರೆಗೆ ಆ ರೀಲೇ ಗತಿ. ಮಧ್ಯದಲ್ಲಿ ಮನಸ್ಸು ಬದಲಾಯಿಸೋ ಹಾಗಿಲ್ಲ. ಮದುವೆ ಮನೆಯಲ್ಲಿ ಸಂಜೆ ಆಗ್ತಿದ್ದ ಹಾಗೆ ‘ಈ ರೀಲಿಗೆ ಬೆಳಕು ಸಾಲಲ್ಲ’ ಅಂತ ಫೋಟೊಗ್ರಾಫರ್ ತಲೆ ಕೆರ್ಕೊಳ್ಳೋದು ಅದಕ್ಕೇ.

ನಿಮ್ಮ ಫೋನ್‌ನಲ್ಲಿ ಐಎಸ್‌ಒ ಅಂತ ಒಂದು ಸಂಖ್ಯೆ ಇರುತ್ತಲ್ಲ, ಕತ್ತಲಾದ್ರೆ ಫೋನು ಅದನ್ನ ತಾನೇ ಏರಿಸಿಕೊಳ್ಳುತ್ತೆ. ಫಿಲ್ಮ್‌ನಲ್ಲಿ ಆ ಸಂಖ್ಯೆ ಡಬ್ಬಿ ಮೇಲೇ ಅಚ್ಚಾಗಿರೋದು. 400 ಅಂತಿದ್ರೆ ಮಬ್ಬು ಬೆಳಕಲ್ಲೂ ಹೇಗೋ ನಡೆಯುತ್ತೆ, ಆದರೆ ಚಿತ್ರದಲ್ಲಿ ರವೆ ಉದುರಿಸಿದ ಹಾಗೆ ಕಾಳು ಕಾಣುತ್ತೆ. 25 ಅಥವಾ 64 ಅಂತಿದ್ರೆ ಚಿತ್ರ ನಯವಾಗಿ ಬರುತ್ತೆ, ಆದರೆ ಒಳ್ಳೆ ಬಿಸಿಲು ಬೇಕು. ಇವತ್ತು ನಾನು ಹೇಳೋಕೆ ಹೊರಟಿರೋ ಕಥೆ ಈ 25, 64ರದ್ದು. ಹೆಸರು ಕೊಡಾಕ್ರೋಮ್. ಒಂದು ತಲೆಮಾರಿನ ಫೋಟೊಗ್ರಾಫರ್‌ಗಳು ಈ ರೀಲಿಗೋಸ್ಕರ ಏನೆಲ್ಲಾ ತಾಪತ್ರಯ ಪಟ್ಟರು, ಯಾಕೆ ಪಟ್ಟರು ಅನ್ನೋದು ನನಗೆ ಬಹಳ ದಿನದಿಂದ ಇದ್ದ ಕುತೂಹಲ.

ಇದನ್ನ ಕಂಡುಹಿಡಿದ ಇಬ್ಬರೂ ಸಂಗೀತಗಾರರು. ಲಿಯೊಪೋಲ್ಡ್ ಮ್ಯಾನ್ಸ್ ಪಿಯಾನೊ ನುಡಿಸ್ತಿದ್ರು, ಲಿಯೊಪೋಲ್ಡ್ ಗೊಡೌಸ್ಕಿ ಜೂನಿಯರ್ ಪಿಟೀಲು. ಇಬ್ಬರೂ ಅಮೆರಿಕದವರು, ಹುಡುಗರಾಗಿದ್ದಾಗಿಂದ ಸ್ನೇಹಿತರು. 1917ರಲ್ಲಿ ಒಂದು ಕಲರ್ ಸಿನಿಮಾ ನೋಡಿ, ಅದರ ಬಣ್ಣ ಕಂಡು ಬೇಜಾರಾಗಿ, ‘ಇದಕ್ಕಿಂತ ನಾವೇ ಚೆನ್ನಾಗಿ ಮಾಡಬಹುದು’ ಅಂತ ಮನೆಯಲ್ಲೇ ಪ್ರಯೋಗ ಶುರು ಮಾಡಿದ್ರು. ಮುಂದೆ ಕೊಡಾಕ್ ಕಂಪನಿ ಇಬ್ಬರನ್ನೂ ರಾಚೆಸ್ಟರ್‌ನ ತನ್ನ ಲ್ಯಾಬ್‌ಗೆ ಕರೆಸಿಕೊಂಡಿತು. ಡಾರ್ಕ್‌ರೂಮಿನ ಗಾಢ ಕತ್ತಲಲ್ಲಿ ಗಡಿಯಾರ ಕಾಣಲ್ವಲ್ಲ, ಹಾಗಾಗಿ ಬ್ರಾಹ್ಮ್ಸ್‌ನ ಸಿಂಫನಿಯನ್ನ ತಾಳ ತಪ್ಪದೆ ಶಿಳ್ಳೆ ಹಾಕಿ ಸಮಯ ಅಳೀತಿದ್ರು ಅನ್ನೋದು ಅವರ ಬಗ್ಗೆ ಎಲ್ಲರೂ ಹೇಳೋ ಕಥೆ. ಗೊಡೌಸ್ಕಿಯ ಗಾಡ್, ಮ್ಯಾನ್ಸ್‌ನ ಮ್ಯಾನ್ ಸೇರಿಸಿ ‘ಕೊಡಾಕ್ರೋಮ್ ಮಾಡಿದ್ದು ದೇವರು ಮತ್ತು ಮನುಷ್ಯ’ ಅಂತ ಒಂದು ಜೋಕ್ ಕೂಡ ಇತ್ತು. 1935ರಲ್ಲಿ ಅದು 16 ಮಿಲಿಮೀಟರ್ ಸಿನಿಮಾ ಫಿಲ್ಮ್ ಆಗಿ ಮಾರುಕಟ್ಟೆಗೆ ಬಂತು. ಮರುವರ್ಷ ಸ್ಟಿಲ್ ಕ್ಯಾಮೆರಾಗೂ ಬಂತು.

ಇದರ ಒಳಗಿನ ಗುಟ್ಟು ಸ್ವಲ್ಪ ವಿಚಿತ್ರ. ಮಾಮೂಲಿ ಕಲರ್ ಫಿಲ್ಮ್ ಚಿತ್ರಾನ್ನ ಇದ್ದ ಹಾಗೆ. ಬಣ್ಣ ಹುಟ್ಟಿಸೋ ರಾಸಾಯನಿಕ ಒಗ್ಗರಣೆ ಥರ ಫಿಲ್ಮ್ ಒಳಗೇ ಕಲಸಿರುತ್ತೆ. ಕೊಡಾಕ್ರೋಮ್ ಬರೀ ಅನ್ನ. ಒಂದರ ಮೇಲೊಂದು ಮೂರು ಕಪ್ಪು-ಬಿಳುಪು ಪದರ ಅಷ್ಟೇ. ಒಂದು ಕೆಂಪು ಬೆಳಕನ್ನ ಹಿಡಿಯುತ್ತೆ, ಒಂದು ಹಸಿರು, ಇನ್ನೊಂದು ನೀಲಿ. ಬಣ್ಣ ಬರೋದು ಲ್ಯಾಬ್‌ನಲ್ಲಿ ತೊಳೆಯುವಾಗ. ಮೊದಲು ಸಯಾನ್, ಆಮೇಲೆ ಹಳದಿ, ಆಮೇಲೆ ಮಜೆಂಟಾ, ಒಂದೊಂದನ್ನೂ ಬೇರೆ ಬೇರೆ ದ್ರಾವಣದಲ್ಲಿ ಬಡಿಸಬೇಕು. ಉಷ್ಣತೆ ಸ್ವಲ್ಪ ಆಚೀಚೆ ಆದ್ರೂ ಬಣ್ಣ ಕೆಟ್ಟಿತು. ರಸಾಯನಶಾಸ್ತ್ರ ಬಲ್ಲವರು, ದೊಡ್ಡ ಯಂತ್ರ, ದಿನಾ ಸಾಕಷ್ಟು ರೀಲು ಬರೋ ವ್ಯಾಪಾರ, ಈ ಮೂರೂ ಇಲ್ಲದೆ ಅಂಥ ಲ್ಯಾಬ್ ನಡೆಸೋಕೆ ಆಗ್ತಿರಲಿಲ್ಲ. ನಮ್ಮೂರ ಬಸ್ ಸ್ಟ್ಯಾಂಡ್ ಎದುರಿನ ಸ್ಟುಡಿಯೊದಲ್ಲಿ ತೊಳೆಸೋ ರೀಲು ಇದಲ್ಲ. ಅಮೆರಿಕದಲ್ಲಂತೂ 1954ರವರೆಗೆ ರೀಲಿನ ಬೆಲೆಯಲ್ಲೇ ತೊಳೆಯೋ ಖರ್ಚನ್ನೂ ಸೇರಿಸಿ ಕೊಡಾಕ್ ಮಾರ್ತಿತ್ತು. ಕೋರ್ಟು ಮಧ್ಯೆ ಬಂದ ಮೇಲೆ ಅದು ನಿಂತಿತು.

ಹಾಗಾದ್ರೆ ಇಷ್ಟು ರಗಳೆ ಯಾಕೆ ಸಹಿಸಿಕೊಂಡ್ರು? ಒಗ್ಗರಣೆ ಒಳಗಿಲ್ಲದ ಕಾರಣ ಪದರಗಳು ತೆಳ್ಳಗಿದ್ದವು, ಚಿತ್ರ ಚೂಪಾಗಿ ಬರ್ತಿತ್ತು. ಕೆಂಪು ಕೆಂಪಾಗೇ ಇರೋದು, ನೆರಳು ಮಾತ್ರ ದಟ್ಟ. ಇನ್ನೊಂದು ಕಾರಣ ಬಾಳಿಕೆ. ನಮ್ಮ ಮನೆಯಲ್ಲಿ 80ರ ದಶಕದ ಒಂದು ಆಲ್ಬಮ್ ಇದೆ. ಅದರಲ್ಲಿ ಎಲ್ಲರೂ ಮೈಗೆ ಓಕುಳಿ ಎರಚಿಕೊಂಡ ಹಾಗೆ ಕೆಂಪಗಾಗಿದ್ದಾರೆ. ನಿಮ್ಮ ಮನೆಯಲ್ಲೂ ಅಂಥ ಆಲ್ಬಮ್ ಇರಬಹುದು, ಆ ಕಾಲದ ಕಲರ್ ಪ್ರಿಂಟ್‌ಗಳ ಹಣೆಬರಹವೇ ಅದು. ಕೊಡಾಕ್ರೋಮ್ ಸ್ಲೈಡ್ ಹಾಗಲ್ಲ. ಕತ್ತಲಲ್ಲಿ, ತಂಪಾಗಿ ಇಟ್ಟಿದ್ರೆ ದಶಕಗಳು ಕಳೆದ್ರೂ ಬಣ್ಣ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರದ ಫೋಟೊಗ್ರಾಫರ್‌ಗಳು ರೈತರನ್ನ, ಕಾರ್ಖಾನೆ ಹೆಂಗಸರನ್ನ ಈ ರೀಲಿನಲ್ಲಿ ತೆಗೆದಿದ್ದಾರೆ. ಇಂಟರ್ನೆಟ್‌ನಲ್ಲಿ ನೋಡಿ, ನಿನ್ನೆ ಮೊನ್ನೆ ತೆಗೆದ ಹಾಗಿವೆ. ತಮಾಷೆ ಅಂದ್ರೆ, ಅದೇ ಸ್ಲೈಡನ್ನ ಪ್ರೊಜೆಕ್ಟರ್‌ಗೆ ಹಾಕಿ ಮತ್ತೆ ಮತ್ತೆ ತೋರಿಸಿದ್ರೆ ಬೇರೆ ಸ್ಲೈಡ್‌ಗಳಿಗಿಂತ ಬೇಗ ಮಾಸುತ್ತೆ. ಪೆಟ್ಟಿಗೆಯಲ್ಲಿಟ್ಟರೆ ಚಿರಂಜೀವಿ, ಹೊರಗೆ ತೆಗೆದು ಮೆರೆಸಿದ್ರೆ ಅಲ್ಪಾಯುಷಿ.

ಈಗ ನಮ್ಮ ದೇಶಕ್ಕೆ ಬರೋಣ, ಏಕೆಂದ್ರೆ ರೀಲಿನ ಆಯ್ಕೆ ಒಂದು ವಾದವಾಗಿ ಬೆಳೆದಿದ್ದು ಇಲ್ಲಿ.

1960-70ರ ದಶಕದಲ್ಲಿ ಭಾರತದಲ್ಲಿ ಫೋಟೊಗ್ರಫಿ ಅಂದ್ರೆ ಕಪ್ಪು-ಬಿಳುಪು. ಆಮದಿನ ಮೇಲೆ ಬಿಗಿ, ವಿದೇಶಿ ವಿನಿಮಯಕ್ಕೆ ಬರ. ಊಟಿಯಲ್ಲಿ ಸರ್ಕಾರವೇ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಅಂತ ಕಾರ್ಖಾನೆ ಕಟ್ಟಿ, 1967ರಿಂದ ‘ಇಂದು’ ಅನ್ನೋ ಹೆಸರಲ್ಲಿ ಫಿಲ್ಮ್ ಮಾಡ್ತಿತ್ತು. ಇಂದು ಅಂದ್ರೆ ಚಂದ್ರ. ಬೆಳ್ಳಿ ಬೆಳಕಿನ ಕಪ್ಪು-ಬಿಳುಪು ಫಿಲ್ಮ್‌ಗೆ ಇದಕ್ಕಿಂತ ಒಳ್ಳೆ ಹೆಸರು ಸಿಗಲ್ಲ, ಯಾರು ಇಟ್ಟರೋ ಅವರಿಗೆ ನಮಸ್ಕಾರ. ಪತ್ರಿಕೆಗಳು ಅಚ್ಚಾಗ್ತಿದ್ದದ್ದೂ ಕಪ್ಪು-ಬಿಳುಪಿನಲ್ಲೇ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಹೆಸರು ಕೇಳಿರ್ತೀರಿ, 1977ರಲ್ಲಿ ಪದ್ಮಶ್ರೀ ಬಂದವರು. ಮಕ್ಕಳು, ಬೀದಿಯ ಜನ, ಸಿಡುಬಿನ ವಿರುದ್ಧದ ಹೋರಾಟ ಅಂತ ಅವರು ತೆಗೆದ ಚಿತ್ರಗಳನ್ನ ನೆನಪಿಸಿಕೊಂಡ್ರೆ ಕಣ್ಮುಂದೆ ಬರೋದು ಕಪ್ಪು-ಬಿಳುಪೇ. ಇದಕ್ಕೆ ಸಿದ್ಧಾಂತವೂ ಜೊತೆಗಿತ್ತು. ಗಂಭೀರ ಫೋಟೊಗ್ರಫಿ ಕಪ್ಪು-ಬಿಳುಪಿನದ್ದು, ಕಲರ್ ಏನಿದ್ರೂ ಕ್ಯಾಲೆಂಡರ್‌ಗೆ, ಜಾಹೀರಾತಿಗೆ ಅನ್ನೋ ಅಭಿಪ್ರಾಯ ಪ್ರಪಂಚದಾದ್ಯಂತ ಇತ್ತು. ಅಮೆರಿಕದ ಹಿರಿಯ ಫೋಟೊಗ್ರಾಫರ್ ವಾಕರ್ ಇವಾನ್ಸ್ ಅಂಥವರೇ ಕಲರನ್ನ ಅಶ್ಲೀಲ ಅನ್ನೋ ಥರ ಮಾತಾಡಿದ್ದರು.

ಆಗ ಜೈಪುರದಲ್ಲಿ 1942ರಲ್ಲಿ ಹುಟ್ಟಿದ ರಘುವೀರ್ ಸಿಂಗ್ ಅನ್ನೋ ಯುವಕ ಕೊಡಾಕ್ರೋಮ್ ಹಿಡ್ಕೊಂಡು ಗಂಗೆಯ ದಂಡೆಗೆ ಹೋದರು. 1966ರಲ್ಲಿ ಫ್ರಾನ್ಸ್‌ನ ಆಂರಿ ಕಾರ್ಟಿಯೆ ಬ್ರೆಸ್ಸಾನ್ ಜೈಪುರಕ್ಕೆ ಬಂದಾಗ, ಅವರು ಹೇಗೆ ಕೆಲಸ ಮಾಡ್ತಾರೆ ಅಂತ ಹತ್ತಿರದಿಂದ ನೋಡಿದವರು ರಘುವೀರ್ ಸಿಂಗ್. ಆದರೆ ಗುರುವಿನ ಕಪ್ಪು-ಬಿಳುಪು ಶಿಷ್ಯನಿಗೆ ಬೇಡವಾಯ್ತು. ಅವರ ವಾದ ಸರಳ, ಆದರೆ ಧೈರ್ಯದ್ದು. ಫೋಟೊಗ್ರಫಿ ಬರೋ ಮುಂಚೆ ನಮ್ಮ ಚಿತ್ರಕಾರರು ಯಾವತ್ತು ಕಪ್ಪು-ಬಿಳುಪಿನಲ್ಲಿ ಯೋಚಿಸಿದ್ರು? ರಾಜಸ್ಥಾನದ ಕಿರುಚಿತ್ರಗಳನ್ನ ನೋಡಿ, ಮೈಸೂರು ಶೈಲಿಯ ಚಿತ್ರ ನೋಡಿ, ಬಣ್ಣವಿಲ್ಲದೆ ಅವು ಇಲ್ಲವೇ ಇಲ್ಲ. (ಮೈಸೂರಿನ ಉದಾಹರಣೆ ನಾನು ಸೇರಿಸಿದ್ದು.) ಒಂಟಿತನ, ವಿಷಾದ, ಅಪರಾಧಿ ಪ್ರಜ್ಞೆ ಇವೆಲ್ಲಾ ಪಾಶ್ಚಾತ್ಯ ಆಧುನಿಕತೆಯ ಮನಸ್ಥಿತಿ, ಅದಕ್ಕೆ ಕಪ್ಪು-ಬಿಳುಪು ಒಪ್ಪುತ್ತೆ; ಭಾರತಕ್ಕೆ ಬಣ್ಣ ಮೇಲಿನ ಅಲಂಕಾರ ಅಲ್ಲ, ಒಳಗಿನ ಜೀವ ಅಂತ ಅವರು ಬರೆದರು. 1998ರ ಅವರ ದೊಡ್ಡ ಪುಸ್ತಕದ ಹೆಸರೇ ‘ರಿವರ್ ಆಫ್ ಕಲರ್’.

ಈ ವಾದವನ್ನ ನಾನು ಪೂರ್ತಿ ಒಪ್ಪಲ್ಲ. ವಿಷಾದ ನಮಗೇನು ಹೊರಗಿಂದ ಆಮದಾಗಬೇಕಿರಲಿಲ್ಲ. ಆದರೆ ಅವರ ಫೋಟೊಗಳನ್ನ ನೋಡ್ತಾ ಕೂತ್ರೆ ವಾದ ಬದಿಗೆ ಸರಿಯುತ್ತೆ. ಮಳೆಯಲ್ಲಿ ತೊಯ್ದು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತ ಹೆಂಗಸರು, ಅಂಬಾಸಿಡರ್ ಕಾರಿನ ಕಿಟಕಿಯಲ್ಲಿ ತುಂಡಾಗಿ ಕಾಣೋ ರಸ್ತೆ. ಬಣ್ಣ ಅಲ್ಲಿ ಬೊಬ್ಬೆ ಹೊಡೆಯಲ್ಲ, ಗುಂಪಿನಲ್ಲಿ ಯಾರು ಎಲ್ಲಿದ್ದಾರೆ ಅಂತ ಹೇಳುತ್ತೆ. ಕಪ್ಪು-ಬಿಳುಪಿನಲ್ಲಿ ತೆಗೆದಿದ್ರೆ ಆ ಚಿತ್ರಗಳಲ್ಲಿ ಅರ್ಧಕ್ಕರ್ಧ ಜನ ಗೋಡೆ ಜೊತೆ ಕರಗಿಹೋಗ್ತಿದ್ರು.

ಈ ಆಯ್ಕೆಯ ಭಾರ ಎಷ್ಟು ಅಂತ ತಿಳೀಬೇಕಾದ್ರೆ ಇನ್ನೊಂದು ಜಾಗಕ್ಕೆ ಹೋಗಬೇಕು. ಡಿಸೆಂಬರ್ 1984, ಭೋಪಾಲ್. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತಿದ್ದಾರೆ. ಒಂದು ಪುಟ್ಟ ಮಗುವನ್ನ ಹೂಳ್ತಿದ್ದಾರೆ. ಮಣ್ಣಿನ ನಡುವೆ ಮುಖ ಮಾತ್ರ ಕಾಣ್ತಿದೆ, ಕಣ್ಣು ತೆರೆದೇ ಇದೆ. ಆ ಮಗುವಿನ ಫೋಟೊವನ್ನ ರಘು ರಾಯ್ ತೆಗೆದರು, ಪಾಬ್ಲೊ ಬಾರ್ಥಲೊಮ್ಯೂ ಕೂಡ ತೆಗೆದರು. ರಘು ರಾಯ್ ಅವರದ್ದು ಕಪ್ಪು-ಬಿಳುಪು. ಪಾಬ್ಲೊ ಅವರದ್ದು ಕಲರ್, ಅದಕ್ಕೆ ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಎದೆ ಒಡೆಯುತ್ತೆ, ಆದರೆ ಎರಡೂ ಬೇರೆ ಬೇರೆ ಥರ. ಕಪ್ಪು-ಬಿಳುಪಿನಲ್ಲಿ ಆ ಮುಖ ಕಲ್ಲಿನ ಶಿಲ್ಪದ ಹಾಗೆ, ಯಾವ ಕಾಲದ, ಯಾವ ಊರಿನ ಮಗುವೂ ಆಗಬಹುದು. ಕಲರ್‌ನಲ್ಲಿ ಮಣ್ಣು ಮಣ್ಣಿನ ಬಣ್ಣದ್ದೇ, ಚರ್ಮ ಚರ್ಮದ್ದೇ. ಅದು ಇದೇ ಮಗು, ಇದೇ ಊರು, ಈ ವಾರ. ಇಷ್ಟು ವರ್ಷದ ಮೇಲೂ ಭೋಪಾಲ್ ಹೋರಾಟದ ಪೋಸ್ಟರ್‌ಗಳಲ್ಲಿ ಆ ಮುಖ ಕಾಣಿಸುತ್ತೆ. ಯಾವುದು ಹೆಚ್ಚು ಸತ್ಯ ಅಂತ ನನ್ನನ್ನ ಕೇಳಿದ್ರೆ ಕಲರ್ ಅಂತೀನಿ. ಯಾವುದು ಮರೆಯೋಕಾಗಲ್ಲ ಅಂತ ಕೇಳಿದ್ರೆ ರಘು ರಾಯ್ ಅವರದ್ದು.

ಅದೇ 1984ರಲ್ಲಿ ಪೇಶಾವರ ಹತ್ತಿರದ ನಿರಾಶ್ರಿತರ ಶಿಬಿರವೊಂದರಲ್ಲಿ ಅಮೆರಿಕದ ಸ್ಟೀವ್ ಮೆಕರಿ ಒಬ್ಬ ಅಫ್ಘನ್ ಹುಡುಗಿಯ ಫೋಟೊ ತೆಗೆದರು. ಹಸಿರು ಕಣ್ಣು, ಹರಿದ ಕೆಂಪು ಶಾಲು. 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಮುಖಪುಟಕ್ಕೆ ಬಂತು. ಅದು ಕೊಡಾಕ್ರೋಮ್ 64. ಆ ಹಸಿರು, ಆ ಕೆಂಪು ಹಾಗೆ ಎದುರುಬದುರು ನಿಂತಿದ್ದು ಆ ರೀಲಿನ ಗುಣ ಕೂಡ. ಹುಡುಗಿಯ ಹೆಸರು ಶರ್ಬತ್ ಗುಲಾ ಅಂತ ಜಗತ್ತಿಗೆ ಗೊತ್ತಾಗಿದ್ದು 2002ರಲ್ಲಿ. ರೀಲಿನ ಹೆಸರು ಮೊದಲು ಗೊತ್ತಿತ್ತು, ಹುಡುಗಿಯ ಹೆಸರು ಹದಿನೇಳು ವರ್ಷ ಆದ ಮೇಲೆ. ಇದು ನನಗೆ ಸ್ವಲ್ಪ ಚುಚ್ಚುತ್ತೆ.

ಇಲ್ಲಿವರೆಗೆ ಬಣ್ಣದ ಸೀರೆ, ಶಾಲು, ಕಣ್ಣಿನ ಮಾತಾಯ್ತು. ಮೈಬಣ್ಣದ ಕಥೆ ಏನು? ಇದು ನಮಗೆ ಹತ್ತಿರದ್ದು. ಕಲರ್ ಲ್ಯಾಬ್‌ಗಳು ಪ್ರಿಂಟ್ ಹಾಕುವಾಗ ಬಣ್ಣ ಸರಿಯಿದೆಯಾ ಅಂತ ನೋಡೋಕೆ ಕೊಡಾಕ್ ಒಂದು ಮಾದರಿ ಚಿತ್ರ ಕಳಿಸ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸು. ಮೊದಲ ಮಾಡೆಲ್‌ನ ಹೆಸರು ಶರ್ಲಿ, ಆದ್ದರಿಂದ ಎಲ್ಲವೂ ‘ಶರ್ಲಿ ಕಾರ್ಡ್’. ಶರ್ಲಿಯ ಕೆನ್ನೆ ಸರಿ ಬಂದ್ರೆ ಎಲ್ಲರದ್ದೂ ಸರಿ ಅನ್ನೋ ಲೆಕ್ಕ. ಕಪ್ಪು ಚರ್ಮದವರ ಮುಖ ಆ ಲೆಕ್ಕದಲ್ಲಿ ಕಣ್ಣು, ಹಲ್ಲು ಬಿಟ್ಟು ಉಳಿದಿದ್ದೆಲ್ಲಾ ಮಸಿ. ಕೆನಡಾದ ಸಂಶೋಧಕಿ ಲೋರ್ನಾ ರಾತ್ ಇದನ್ನ ವರ್ಷಗಟ್ಟಲೆ ಕೆದಕಿ ಬರೆದಿದ್ದಾರೆ. ಫಿಲ್ಮ್‌ನಲ್ಲಿ ಕಂದು ಬಣ್ಣಗಳು ಸುಧಾರಿಸೋಕೆ ಕಾರಣ ಯಾರ ದೂರು ಗೊತ್ತಾ? ಚಾಕೊಲೇಟ್ ಕಂಪನಿಗಳದ್ದು, ಮರದ ಪೀಠೋಪಕರಣ ಮಾಡೋರದ್ದು. ಹಾಲಿನ ಚಾಕೊಲೇಟಿಗೂ ಡಾರ್ಕ್ ಚಾಕೊಲೇಟಿಗೂ ವ್ಯತ್ಯಾಸ ಕಾಣ್ತಿಲ್ಲ ಅಂತ ಅವರು ಗೊಣಗಿದ ಮೇಲೆ ಕೊಡಾಕ್ ಕಿವಿಗೊಟ್ಟಿತು. ಹೊಸ ಫಿಲ್ಮ್ ಬಂದಾಗ, ಮಬ್ಬು ಬೆಳಕಿನಲ್ಲಿ ಕಪ್ಪು ಕುದುರೆಯ ವಿವರವೂ ಇದರಲ್ಲಿ ಕಾಣುತ್ತೆ ಅಂತ ಹೇಳಿಕೊಂಡರಂತೆ. ಮನುಷ್ಯರ ಮಾತೆತ್ತೋಕೆ ಕುದುರೆ ಬೇಕಾಯ್ತು ನೋಡಿ. 1970ರ ದಶಕದ ಕೊನೆಯಲ್ಲಿ ಫ್ರೆಂಚ್ ನಿರ್ದೇಶಕ ಗೊದಾರ್ ಮೊಜಾಂಬಿಕ್‌ಗೆ ಹೋದಾಗ, ಈ ಫಿಲ್ಮೇ ಜನಾಂಗೀಯ ತಾರತಮ್ಯದ್ದು ಅಂತ ಕೊಡಾಕ್ ಫಿಲ್ಮ್ ಬಳಸೋಕೆ ಒಪ್ಪಲಿಲ್ಲ ಅನ್ನೋದೂ ಪ್ರಸಿದ್ಧ.

ಇದನ್ನ ಓದಿದ ಮೇಲೆ ಹಳೆಯ ಮದುವೆ ಆಲ್ಬಮ್‌ಗಳನ್ನ ನಾನು ಬೇರೆ ಥರ ನೋಡೋಕೆ ಶುರು ಮಾಡಿದೆ. ಮುಖಕ್ಕೆ ಅಷ್ಟೊಂದು ಪೌಡರ್ ಬಳಿದು, ಫ್ಲ್ಯಾಶ್ ಹೊಡೆದು, ಎಲ್ಲರನ್ನೂ ಸುಣ್ಣದ ಗೋಡೆ ಮಾಡೋದರ ಹಿಂದೆ ನಮ್ಮ ಬಿಳುಪಿನ ಹುಚ್ಚು ಇತ್ತು, ಸರಿ. ಅದಕ್ಕೆ ತಕ್ಕ ಹಾಗೆ ರೀಲೂ ಇತ್ತು.

ಕೊಡಾಕ್ರೋಮ್‌ಗೆ ನಿಜವಾದ ಪೆಟ್ಟು ಬಿದ್ದಿದ್ದು 1990ರಲ್ಲಿ, ಜಪಾನಿನಿಂದ. ಫ್ಯೂಜಿ ಕಂಪನಿ ವೆಲ್ವಿಯಾ ಅನ್ನೋ ಸ್ಲೈಡ್ ಫಿಲ್ಮ್ ತಂತು. ಐಎಸ್‌ಒ 50. ಹಸಿರು ಅಂದ್ರೆ ಮಳೆ ನಿಂತ ಮಾರನೇ ದಿನದ ಆಗುಂಬೆ. ಸೂರ್ಯಾಸ್ತ ಅಂದ್ರೆ ಬೆಂಕಿ. ಬೆಟ್ಟ, ಕಾಡು, ಹೂವು ತೆಗೆಯೋರು ಹುಚ್ಚೆದ್ದು ಅತ್ತ ಹೋದರು. ಅಮೆರಿಕದ ಪರ್ವತ ಫೋಟೊಗ್ರಾಫರ್ ಗೇಲನ್ ರೊವೆಲ್ ಅವರಲ್ಲಿ ಮೊದಲಿಗರು. ವೆಲ್ವಿಯಾ ಚಿತ್ರಾನ್ನದ ಜಾತಿ. ಇ-6 ಅನ್ನೋ ಮಾಮೂಲಿ ವಿಧಾನದಲ್ಲಿ ಯಾವ ದೊಡ್ಡ ಊರಲ್ಲಾದ್ರೂ ತೊಳೆಸಬಹುದು, ಕೆಲವೇ ಗಂಟೆಯಲ್ಲಿ ಸ್ಲೈಡ್ ಕೈಗೆ. ಕೊಡಾಕ್ರೋಮ್ ಕಳಿಸಿ ಅಂಚೆಗೆ ಕಾಯೋರು ಇದನ್ನ ನೋಡಿ ಸುಮ್ಮನಿರ್ತಾರಾ? ನನ್ನ ಕಣ್ಣಿಗೆ ವೆಲ್ವಿಯಾ ಸ್ವಲ್ಪ ಅತಿ. ಅದರಲ್ಲಿ ಮನುಷ್ಯರ ಮುಖ ಕಪಾಳಕ್ಕೆ ಹೊಡೆಸಿಕೊಂಡ ಹಾಗೆ ಕೆಂಪಗೆ ಬರುತ್ತೆ. ಅದಕ್ಕೇ ಫ್ಯೂಜಿಯವರು ಮುಖಕ್ಕೆ ಅಂತ ಆಸ್ಟಿಯಾ, ಎಲ್ಲದಕ್ಕೂ ಅಂತ ಪ್ರೊವಿಯಾ ಮಾಡಿದ್ದು. ಈ ಮೂರೂ ಹೆಸರು ಇವತ್ತಿನ ಫ್ಯೂಜಿ ಡಿಜಿಟಲ್ ಕ್ಯಾಮೆರಾಗಳ ಮೆನುವಿನಲ್ಲಿ ಬಣ್ಣದ ಆಯ್ಕೆಗಳಾಗಿ ಉಳಿದುಕೊಂಡಿವೆ. ರೀಲ್ಸ್ ಮಾಡೋ ಗೆಳೆಯರು ಆ ಕ್ಯಾಮೆರಾ ಹಿಡಿದಿದ್ರೆ ಕೇಳಿ ನೋಡಿ.

ಮುಂದಿನದ್ದು ಬೇಗ ಹೇಳ್ತೀನಿ. ರೀಲು ಕಮ್ಮಿಯಾದ ಹಾಗೆ ಲ್ಯಾಬ್ ಮುಚ್ಚಿದವು, ಲ್ಯಾಬ್ ಮುಚ್ಚಿದ ಹಾಗೆ ರೀಲು ಇನ್ನೂ ಕಮ್ಮಿ ಆಯ್ತು. ಡಿಜಿಟಲ್ ಬಂದ ಮೇಲೆ ಕೇಳೋದೇ ಬೇಡ. ಕೊಡಾಕ್ರೋಮ್ 25 ನಿಂತಿದ್ದು 2002ರಲ್ಲಿ. ಜೂನ್ 22, 2009ರಂದು, 64 ಕೂಡ ಇನ್ನಿಲ್ಲ ಅಂತ ಕೊಡಾಕ್ ಘೋಷಿಸಿತು. ಆಗ ಇಡೀ ಪ್ರಪಂಚದಲ್ಲಿ ಅದನ್ನ ತೊಳೆಯೋ ಒಂದೇ ಲ್ಯಾಬ್ ಉಳಿದಿತ್ತು, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಅನ್ನೋ ಸಣ್ಣ ಊರಿನ ಡ್ವೇನ್ಸ್ ಫೋಟೊ.

ಕಾರ್ಖಾನೆಯಿಂದ ಬಂದ ಕೊನೆಯ ರೀಲನ್ನ ಸ್ಟೀವ್ ಮೆಕರಿ ಕೇಳಿ ತಗೊಂಡರು. 36 ಫೋಟೊ, ಅಷ್ಟೇ. ಸುಮ್ಮನೆ ಯೋಚನೆ ಮಾಡಿ, ನೀವಾಗಿದ್ರೆ ಏನು ತೆಗೀತಿದ್ರಿ? ಅವರು ನ್ಯೂಯಾರ್ಕ್‌ನಲ್ಲಿ ನಟ ರಾಬರ್ಟ್ ಡಿ ನಿರೊ ಅವರನ್ನ ತೆಗೆದರು. ಆಮೇಲೆ ಭಾರತಕ್ಕೆ ಬಂದರು. ಮುಂಬೈಯಲ್ಲಿ ಅಮಿತಾಭ್ ಬಚ್ಚನ್, ನಂದಿತಾ ದಾಸ್, ರಾಜಸ್ಥಾನದಲ್ಲಿ ರಬಾರಿ ಕುರಿಗಾಹಿಗಳು. ಕೊನೆಗೆ ಪಾರ್ಸನ್ಸ್‌ಗೆ ಹೋಗಿ, ಅಲ್ಲಿನ ಸ್ಮಶಾನದಲ್ಲಿ ರೀಲು ಮುಗಿಸಿ, ಲ್ಯಾಬ್‌ಗೆ ತಾವೇ ಒಯ್ದು ಕೊಟ್ಟರು. ಹೊಸ ರೀಲು ತಗೊಳ್ಳೋಕೆ ಡ್ವೇನ್ಸ್ ಇಟ್ಟಿದ್ದ ಕೊನೆಯ ದಿನ ಡಿಸೆಂಬರ್ 30, 2010. ಬಾಗಿಲು ಮುಚ್ಚೋ ಮುಂಚೆ ಎಲ್ಲೆಲ್ಲಿಂದಲೋ ಜನ ಕಾರಲ್ಲಿ, ಅಂಚೆಯಲ್ಲಿ, ಕಪಾಟಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ರೀಲುಗಳನ್ನ ತಂದು ಸುರಿದರು. ಎಲ್ಲಾ ತೊಳೆದು ಮುಗಿದಿದ್ದು ಜನವರಿಯಲ್ಲಿ.

ಕೊಡಾಕ್ 2018ರಲ್ಲಿ ಎಕ್ಟಾಕ್ರೋಮ್ ಅನ್ನೋ ತನ್ನ ಇನ್ನೊಂದು ಸ್ಲೈಡ್ ಫಿಲ್ಮನ್ನ ವಾಪಸ್ ತಂತು. ಇ-6 ಲ್ಯಾಬ್‌ಗಳು ಇನ್ನೂ ಇರೋದ್ರಿಂದ ಅದು ಸಾಧ್ಯವಾಯ್ತು. ಕೊಡಾಕ್ರೋಮ್ ವಾಪಸ್ ಬರಬೇಕಾದ್ರೆ ರೀಲಿನ ಜೊತೆ ಅಡುಗೆಮನೆಯನ್ನೂ ಹೊಸದಾಗಿ ಕಟ್ಟಬೇಕು.

ಹಾಗಾಗಿ ಕೊನೆಗೆ ಒಂದು ಉಪಯೋಗದ ಮಾತು. ಅಜ್ಜನೋ, ವಿದೇಶದಲ್ಲಿದ್ದ ಮಾವನೋ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಚೌಕದ ರಟ್ಟಿನ ಚೌಕಟ್ಟು ಹಾಕಿದ ಸ್ಲೈಡ್ ಸಿಕ್ಕಿದ್ರೆ, ಮೇಲೆ ಕೊಡಾಕ್ರೋಮ್ ಅಂತ ಅಚ್ಚಾಗಿದೆಯಾ ನೋಡಿ. ಕಿಟಕಿ ಬೆಳಕಿಗೆ ಹಿಡಿದು ನೋಡಿ, ಸ್ಕ್ಯಾನ್ ಮಾಡಿಸಿ, ಮತ್ತೆ ಕತ್ತಲಲ್ಲೇ ಇಡಿ. ತೊಳೆಸದ ರೀಲೇ ಸಿಕ್ಕಿದ್ರೆ ಎಸೀಬೇಡಿ. ಅದರ ಬಣ್ಣ ಇನ್ನು ಬರಲ್ಲ. ಆದರೆ ಒಳಗಿರೋದು ಕಪ್ಪು-ಬಿಳುಪು ಪದರ ಅಂದೆನಲ್ಲ, ಗೊತ್ತಿರೋ ಲ್ಯಾಬ್‌ನವರು ಅದನ್ನ ಕಪ್ಪು-ಬಿಳುಪಿನಲ್ಲಿ ತೊಳೆದುಕೊಡ್ತಾರೆ. ಮುಖಗಳಾದ್ರೂ ಸಿಗಬಹುದು.